ಗೇಟಿನಲ್ಲೇ ಅಳಿಸಿದ ಕೋಡ್

ನಾಲ್ಕನೇ ಶನಿವಾರವೂ ಆ ನೀಲಿ ಕಾರು ನಮ್ಮ ಗ್ಯಾರೇಜಿನ ಗೇಟಿಗೆ ಬಂದು ನಿಂತಾಗ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. ಬಿತ್ತು ಎನ್ನುವುದು ಸುಳ್ಳು. ನಾನೇ ಎಸೆದೆ.

"ಬಂತು ನೋಡು ನಿನ್ನ ಶನಿ," ಎಂದರು ಮೇಸ್ತ್ರಿ, ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ.

"ನನ್ನ ಶನಿ ಯಾಕಾಗ್ತಾರೆ? ಗ್ಯಾರೇಜಿನ ಗಿರಾಕಿ."

"ಗಿರಾಕಿ ತಿಂಗಳಿಗೆ ನಾಲ್ಕು ಸಲ ಬರಲ್ಲ ಕಣಮ್ಮ. ನಾಲ್ಕು ಸಲ ಬರೋರನ್ನ ಬೇರೆ ಹೆಸರಲ್ಲಿ ಕರೀತಾರೆ."

ನನಗೆ ನಗುವ ಸ್ಥಿತಿ ಇರಲಿಲ್ಲ. ಗ್ಯಾರೇಜು ನನ್ನ ಸೋದರಮಾವನದು. ಎರಡು ವರ್ಷ ಅಲ್ಲಿ ಮುಂದಿನ ಕೌಂಟರಿನಲ್ಲಿ ಕೂತು ಫೋನ್ ಎತ್ತಿದವಳು ನಾನು. ಸಂಜೆ ಕ್ಲಾಸಿಗೆ ಹೋಗಿ, ಪರೀಕ್ಷೆ ಪಾಸಾಗಿ, ಹಟ ಹಿಡಿದು, ಒಳಗೆ ಸ್ಕ್ಯಾನರ್ ಪರದೆಯ ಮುಂದಿನ ಕುರ್ಚಿ ಗಿಟ್ಟಿಸಿಕೊಂಡು ಆರು ತಿಂಗಳಾಗಿತ್ತಷ್ಟೆ. ಎಂಜಿನ್ ಯಾಕೆ ಮುನಿಸಿಕೊಂಡಿದೆ ಎಂದು ಪತ್ತೆ ಮಾಡುವ ಕುರ್ಚಿ ಅದು. ಕೊಡುವಾಗಲೇ ಮಾವ ಷರತ್ತು ಹಾಕಿದ್ದರು: "ಒಂದೇ ಕಾರು ಒಂದೇ ಕೋಡಿಗೆ ನಾಲ್ಕನೇ ಸಲ ಬಂತು ಅಂದ್ರೆ, ಕುರ್ಚಿ ಮೇಸ್ತ್ರೀದು. ನೀನು ಕೌಂಟರಿಗೆ."

ನೀಲಿ ಕಾರು ಮೊದಲ ಸಲ ಬಂದಾಗ ಗಾಳಿ ಫಿಲ್ಟರ್ ಬದಲಾಯಿಸಿದ್ದೆ. ಹಳದಿ ಲೈಟ್ ಮತ್ತೆ ಬಂತು. ಗಾಳಿ ಅಳೆಯುವ ಸೆನ್ಸರ್ ತೊಳೆದೆ. ಮತ್ತೆ ಬಂತು. ಹೊಗೆ ಕೊಳವೆಯ ಸೆನ್ಸರ್ ಹೊಸದು ಹಾಕಿದೆ. ಮೂರು ಸಲವೂ ಓಡಿಸಿ ನೋಡಿದಾಗ ಕಾರು ಬೆಣ್ಣೆಯಂತೆ ಓಡಿತು. ವಾರ ಕಳೆದರೆ ಮತ್ತದೇ ಕೋಡ್, ಪಿ ಸೊನ್ನೆ ಒಂದು ಏಳು ಎರಡು. ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಯಾಕೆ ಜಾಸ್ತಿ? ಅದನ್ನು ಮಾತ್ರ ಕೋಡ್ ಹೇಳುವುದಿಲ್ಲ. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಅವನು ಕಾರಿನಿಂದ ಇಳಿದ. ಬಾಗಿಲನ್ನು ದಢಾರನೆ ಬಡಿಯದೆ ಎರಡು ಬೆರಳಿನಿಂದ ಒತ್ತಿ ಮುಚ್ಚುವ ಗಂಡಸನ್ನು ನಾನು ನೋಡಿದ್ದು ಇವನೊಬ್ಬನನ್ನೇ. ತಲೆ ಎತ್ತಿ ನನ್ನನ್ನು ಹುಡುಕಿದ, ಸಿಕ್ಕಿದ ಕೂಡಲೇ ಕಣ್ಣು ಕೆಳಗಿಳಿಸಿದ, ಮತ್ತೆ ತಡೆಯಲಾರದೆ ಎತ್ತಿದ. ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ನಗು. ಎಂಜಿನ್ ಕೆಟ್ಟಿದ್ದು ತನ್ನದೇ ತಪ್ಪೇನೋ ಎನ್ನುವ ಹಾಗೆ.

ಆ ಅರ್ಧ ನಗು ನೋಡಿದರೆ ನನಗೆ ಮೈಯೆಲ್ಲ ಉರಿ. ಆದರೂ ಪ್ರತಿ ಶುಕ್ರವಾರ ಸಂಜೆ ಉಗುರಿನ ಸಂದಿಯ ಕರಿಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೈದುಬಿಡುತ್ತಿದ್ದೆ.

ಮೊದಲ ದಿನ ಅವನು ಹೇಳಿದ್ದು ಇಷ್ಟು: "ಹಳದಿ ಲೈಟ್ ಬಂದಿದೆ. ಮತ್ತೆ, ಪೆಟ್ರೋಲ್ ಹಾಕಿಸಿದ ಮೇಲೆ ಸ್ಟಾರ್ಟ್ ಮಾಡಿದ್ರೆ ಕೆಮ್ಮುತ್ತೆ."

"ಕಾರು ಕೆಮ್ಮಲ್ಲ ಸಾರ್."

"ನಂದು ಕೆಮ್ಮುತ್ತೆ. ಎರಡು ಸಲ. ಎರಡನೇದು ಸ್ವಲ್ಪ ಸಣ್ಣದು."

ಮೇಸ್ತ್ರಿ ನಕ್ಕರು. ನಾನೂ ನಕ್ಕೆ. ಜಾಬ್ ಕಾರ್ಡಿನಲ್ಲಿ 'ಹಳದಿ ಲೈಟ್' ಎಂದಷ್ಟೇ ಬರೆದೆ. ಕಿವಿ ಪರೀಕ್ಷೆ ಮಾಡುವುದು ಅವನ ವೃತ್ತಿ ಎಂದು ಆಮೇಲೆ ಗೊತ್ತಾಯಿತು. ಊರಿನ ಆ ತುದಿಯಲ್ಲಿ ಅವನ ಕ್ಲಿನಿಕ್. ಶನಿವಾರ ಶನಿವಾರ ನಮ್ಮ ಹಿಂದಿನ ಬೀದಿಯಲ್ಲಿರುವ ತನ್ನ ದೊಡ್ಡಮ್ಮನನ್ನು ನೋಡಲು ಬರುತ್ತಾನೆ. ಅಲ್ಲಿಂದ ಹೊರಡುವಾಗಲೇ ಲೈಟ್ ಹತ್ತಿಕೊಳ್ಳುತ್ತದಂತೆ. ಅದೂ ನಮ್ಮ ಗ್ಯಾರೇಜಿನ ತಿರುವಿನಲ್ಲೇ.

"ಅದೇ ನಾನ್ ಹೇಳೋದು," ಎಂದರು ಮೇಸ್ತ್ರಿ ಈಗ, ಇಡೀ ಗ್ಯಾರೇಜಿಗೆ ಕೇಳುವಂತೆ. "ಊರೆಲ್ಲ ಓಡಾಡಿದ್ರೂ ಬರದ ಲೈಟು ನಮ್ಮ ಗೇಟಿನ ಮುಂದೇನೇ ಬರುತ್ತಾ? ಸಾಹೇಬ್ರು ಬಾನೆಟ್ ಎತ್ತಿ ಯಾವುದೋ ಪ್ಲಗ್ ಕೀಳ್ತಾರೆ. ಇಲ್ಲಿ ಬಂದು ಅರ್ಧ ಗಂಟೆ ಕೂತು, ನಮ್ಮ ಹುಡುಗೀನ ನೋಡ್ಕೊಂಡು ಹೋಗ್ತಾರೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮವರು. ಎಲ್ಲರೂ ಹೋ ಎಂದು ನಕ್ಕರು. ಮಾವ ಮಾತ್ರ ನಗಲಿಲ್ಲ. ಆಫೀಸಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು.

"ಗಿರಾಕಿ ಕೈ ಹಾಕಿದ್ರೆ ಅದು ವಾಪಸ್ ಬಂದ ಲೆಕ್ಕಕ್ಕೆ ಸೇರಲ್ಲ," ಎಂದರು. "ಹೌದಾ? ಕೈ ಹಾಕಿದಾರಾ? ನೀನ್ ಹೇಳು."

ಇಲ್ಲಿ ಒಂದು ವಿಷಯ ಹೇಳಬೇಕು. ಪ್ಲಗ್ ಕಿತ್ತರೆ ಬರುವ ಕೋಡೇ ಬೇರೆ, ಮೂರು ಸಲವೂ ಬಂದದ್ದು ಅದಲ್ಲ. ಅದು ಮೇಸ್ತ್ರಿಗೆ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ಆ ಅಂಗಳದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಹೌದು," ಎಂದೆ. ಅವನ ಕಡೆ ತಿರುಗಿದೆ. "ಯಾಕ್ರೀ ಹೀಗ್ ಮಾಡ್ತೀರಾ? ನಮ್ಮ ಕೆಲಸ ನಿಮಗೆ ಆಟಾನಾ? ಪ್ಲಗ್ ಕಿತ್ತು ಕಿತ್ತು ತಂದು ನನ್ನ ಮರ್ಯಾದೆ ಯಾಕೆ ತೆಗೀತೀರಾ?"

ಅವನ ಮುಖದಿಂದ ಆ ಅರ್ಧ ನಗು ಹೋಯಿತು. ನಾನು ಇನ್ನೂ ಏನಾದರೂ ಹೇಳುತ್ತೇನೇನೋ ಎಂದು ಸ್ವಲ್ಪ ಹೊತ್ತು ಕಾದ. ಆಮೇಲೆ, "ನಾನು ಬಾನೆಟ್ ಎತ್ತೋದು ಹೇಗೆ ಅಂತಾನೂ ಗೊತ್ತಿಲ್ಲದವನು," ಎಂದು ಮೆಲ್ಲಗೆ ಹೇಳಿ, ಕಾರು ಹತ್ತಿ, ಎರಡು ಬೆರಳಿನಿಂದ ಬಾಗಿಲು ಮುಚ್ಚಿಕೊಂಡು ಹೋದ.

ಕುರ್ಚಿ ಉಳಿಯಿತು. ಕಾರ್ಡಿನಲ್ಲಿ 'ಗಿರಾಕಿಯೇ ಪ್ಲಗ್ ಕಿತ್ತಿದ್ದಾರೆ' ಎಂದು ನನ್ನ ಕೈಯಾರೆ ಬರೆದೆ. ಅಕ್ಷರ ಸೊಟ್ಟಗೆ ಬಂತು.

*

ಭಾನುವಾರ ಊಟ ಸೇರಲಿಲ್ಲ. ಸೋಮವಾರ ಯಾರೋ 'ಪ್ಲಗ್' ಎಂದರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಬೆಚ್ಚುತ್ತಿದ್ದೆ. ಸಿಟ್ಟು ಬಂತು. ಅವನ ಮೇಲೆ, ಮೇಸ್ತ್ರಿ ಮೇಲೆ, ಆ ದರಿದ್ರ ಕೋಡಿನ ಮೇಲೆ. ನನ್ನ ಮೇಲೆ ಬಂದದ್ದನ್ನು ಮಾತ್ರ ಯಾರ ಮುಂದೆ ತೀರಿಸಿಕೊಳ್ಳಲಿ?

ಇನ್ನೂ ಕೆಟ್ಟ ವಿಷಯ ಒಂದಿತ್ತು. ಮೇಸ್ತ್ರಿ ಆ ಮಾತು ಆಡಿದಾಗ, ಒಂದು ಕ್ಷಣ, ಅದು ನಿಜವಾಗಿದ್ದರೆ ಎಂದು ನನ್ನ ಮನಸ್ಸು ಕುಣಿದಿತ್ತು. ಅವನು ನನಗಾಗಿಯೇ ಬರುತ್ತಿದ್ದರೆ! ಆದರೆ ಕೋಡ್ ಪ್ಲಗ್ ಕಿತ್ತದ್ದಲ್ಲ, ಹಾಗಾಗಿ ಅವನು ಬಂದದ್ದು ಕಾರಿಗೇ. ಅಷ್ಟು ಕೆಟ್ಟದಾಗಿ ಕಿರುಚಿದ್ದು ಯಾಕೆ ಎಂದು ಆಗ ಅರ್ಥವಾಯಿತು.

ಮಂಗಳವಾರ ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಬೇರೊಂದು ಕಾರಿಗೆ ಪುಟ್ಟ ಯಂತ್ರ ಚುಚ್ಚುವುದನ್ನು ನೋಡುತ್ತ ನಿಂತಿದ್ದೆ. ಅದು ನಮ್ಮ ಗ್ಯಾರೇಜಿನ ಪದ್ಧತಿ. ಕಾರು ಗೇಟು ದಾಟುವ ಮೊದಲೇ ಮೇಸ್ತ್ರಿ ಕೋಡ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ಗುಂಡಿ ಒತ್ತಿ ಅಳಿಸಿಬಿಡುತ್ತಾರೆ. "ಗಿರಾಕಿ ಟೀ ಕುಡಿದು ಮುಗಿಸೋದ್ರೊಳಗೆ ಲೈಟ್ ಆರಿರಬೇಕು," ಎನ್ನುವುದು ಮಾವನ ಮಾತು. ನನ್ನ ಕೈಗೆ ಬರುವುದು ಚೀಟಿ ಮಾತ್ರ.

ಆದರೆ ದೋಷ ಕಂಡ ಕ್ಷಣದಲ್ಲಿ ಕಾರಿನ ಕಂಪ್ಯೂಟರ್ ಒಂದು ಫೋಟೊ ತೆಗೆದಿಟ್ಟ ಹಾಗೆ ಎಲ್ಲ ಬರೆದಿಟ್ಟಿರುತ್ತದೆ. ಎಷ್ಟು ಬಿಸಿ, ಎಷ್ಟು ವೇಗ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಕ್ಲಾಸಿನಲ್ಲಿ ಕಲಿತಿದ್ದೆ. ಹೊಸ ಕುರ್ಚಿ, ಹಳೇ ಪದ್ಧತಿ, ಬಾಯಿ ಬಿಡಲು ಹೆದರಿದ್ದೆ.

ಮೇಸ್ತ್ರಿ ಗುಂಡಿ ಒತ್ತಿದರು. ಶನಿವಾರ ಅವನ ಕಾರಿಗೆ ಯಾರೂ ಗುಂಡಿ ಒತ್ತಿರಲಿಲ್ಲ! ಅದಕ್ಕೆ ಮೊದಲೇ ನಾನು ಬೈದು ಓಡಿಸಿದ್ದೆ.

ಸ್ಕ್ಯಾನರನ್ನು ಬ್ಯಾಗಿಗೆ ತುರುಕಿ ಬಸ್ ಹತ್ತಿದೆ.

*

ಕ್ಲಿನಿಕ್ ಎರಡನೇ ಮಹಡಿಯಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಮುಂದಿದ್ದ ಹೆಂಗಸು, "ಕಿವಿ ಟೆಸ್ಟಾ? ಹೋಗಿ, ಹೋಗಿ, ಖಾಲಿ ಇದೆ," ಎಂದು ನನ್ನನ್ನು ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಬಾಗಿಲು ಎಳೆದುಕೊಂಡಳು. ಲೋಕದ ಸದ್ದೆಲ್ಲ ನಿಂತುಹೋಯಿತು. ನನ್ನ ಉಸಿರು ನನಗೇ ಕೇಳುವಷ್ಟು ಮೌನ.

ಗಾಜಿನ ಆಚೆ ಅವನು ಬಂದು ಕೂತ. ಕಾಗದದಿಂದ ತಲೆ ಎತ್ತಿದ. ನನ್ನನ್ನು ಕಂಡವನು ಹಾಗೇ ಕೂತುಬಿಟ್ಟ.

ನಾನು ಏನೋ ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಅವನು ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿ, ಮುಂದಿದ್ದ ಮೈಕಿನ ಗುಂಡಿ ಒತ್ತಿದ. ಅವನ ದನಿ ನನ್ನ ಎರಡೂ ಕಿವಿಯೊಳಗೆ, ತಲೆಯ ನಟ್ಟನಡುವೆ ಬಂತು.

"ಕೇಳಿಸಿದ್ರೆ ಬೆರಳು ಎತ್ತಿ."

ಎತ್ತಿದೆ.

"ನಾನು ಯಾವ ಪ್ಲಗ್ಗೂ ಕಿತ್ತಿಲ್ಲ."

ಕಣ್ಣು ತುಂಬಿ ಬಂತು. ಬೆರಳು ಎತ್ತಿದೆ.

"ಅದು ನಿಮಗೂ ಗೊತ್ತಿತ್ತು ಅಂತ ಅವತ್ತು ನನಗನ್ನಿಸ್ತು." ದನಿ ಇನ್ನೂ ಇಳಿದಿತ್ತು. "ನಿಮ್ಮ ಮುಖ ಹಾಗಿತ್ತು. ಅದೇ ಬೇಜಾರಾಗಿದ್ದು."

ಈ ಸಲ ಬೆರಳು ಎತ್ತಲು ಬಹಳ ಹೊತ್ತು ಹಿಡಿಯಿತು. ಗಾಜಿನ ಆಚೆ ಅವನು ಕಾಯುತ್ತಿದ್ದ. ಕೊನೆಗೆ ಎತ್ತಿದೆ, ಎತ್ತಿ ಹಾಗೇ ಹಿಡಿದುಕೊಂಡು ಅತ್ತೆ. ಅವನು ಓಡಿ ಬಂದು ಬಾಗಿಲು ತೆರೆದ.

"ತಪ್ಪಾಯ್ತು," ಎಂದೆ. "ನಿಮ್ಮ ಕಾಲಿಗೆ ಬೀಳ್ತೀನಿ ಅಂತ ಬಂದಿಲ್ಲ. ಕಾರ್ ಕೀ ಕೊಡಿ."

ಅವನಿಗೆ ನಗು ತಡೆಯಲಾಗಲಿಲ್ಲ. "ಕ್ಷಮೆ ಕೇಳೋದೂ ಬೈದಂಗೇ ಕೇಳ್ತೀರಲ್ಲ!"

"ನಮ್ಮ ಮನೇಲಿ ಎಲ್ಲರೂ ಹೀಗೇ. ಲೈಟ್ ಇನ್ನೂ ಇದೆಯಾ?"

"ಇದೆ."

"ಯಾರ ಹತ್ರಾನಾದ್ರೂ ಅಳಿಸಿದ್ರಾ?"

"ಇಲ್ಲ."

ಕೆಳಗಿಳಿದೆವು. ಕಟ್ಟಡದ ಬುಡದಲ್ಲೇ, ಅವನ ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಹೊಳೆಯುವ ದೊಡ್ಡ ಗ್ಯಾರೇಜು! ನಮ್ಮದಕ್ಕಿಂತ ಮೂರು ಪಟ್ಟು. ಅಲ್ಲಿನ ಮೆಕ್ಯಾನಿಕ್ ಒಬ್ಬ ಅವನನ್ನು ಕಂಡು ಕೈ ಬೀಸಿದ.

"ಸಾರ್, ಇನ್ನೂ ಲೈಟ್ ಹೋಗಿಲ್ವಾ? ತಿಂಗಳಿಂದ ಹೇಳ್ತಿದೀನಿ, ಒಳಗೆ ತನ್ನಿ, ನೋಡ್ತೀನಿ ಅಂತ. ಅದೇನು ಊರಾಚೆ ಗ್ಯಾರೇಜಿಗೇ ಹೋಗ್ತೀನಿ ಅಂತ ಹಟ ನಿಮಗೆ!"

ನಾನು ನಿಧಾನವಾಗಿ ಅವನ ಕಡೆ ತಿರುಗಿದೆ. ಅವನು ಆಕಾಶದಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿದ್ದವು.

"ಅಂದ್ರೆ?" ಎಂದೆ.

"ಪ್ಲಗ್ ಕಿತ್ತಿಲ್ಲ," ಎಂದ ಆಕಾಶಕ್ಕೆ. "ಲೈಟ್ ಬಂದಾಗ ಖುಷಿ ಆಗಿರಲಿಲ್ಲ ಅಂತ ಮಾತ್ರ ಹೇಳಲಾರೆ."

ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗೆ ಚುಚ್ಚಲು ಎರಡು ಸಲ ತಪ್ಪಿದೆ. ಅವನು ಪಕ್ಕದ ಸೀಟಿನಲ್ಲಿ ಕೂತು ಪರದೆಯತ್ತ ಬಗ್ಗಿದ. ಸೋಪಿನ ಸಣ್ಣ ವಾಸನೆ. ಕಷ್ಟಪಟ್ಟು ಅಂಕಿಗಳ ಮೇಲೆ ಕಣ್ಣಿಟ್ಟೆ.

ವೇಗ ಸೊನ್ನೆ. ಎಂಜಿನ್ ಬಿಸಿ. ಕಂಪ್ಯೂಟರ್ ಪೆಟ್ರೋಲನ್ನು ನೂರಕ್ಕೆ ಇಪ್ಪತ್ತೆಂಟು ಪಾಲು ಕಡಿತ ಮಾಡುತ್ತಿದೆ, ಆದರೂ ಜಾಸ್ತಿಯೇ ಬರುತ್ತಿದೆ. ಟ್ಯಾಂಕ್, ನೂರಕ್ಕೆ ತೊಂಬತ್ತೊಂಬತ್ತು.

"ತೊಂಬತ್ತೊಂಬತ್ತಾ?" ಎಂದೆ. "ಪೆಟ್ರೋಲ್ ಎಲ್ಲಿ ಹಾಕಿಸ್ತೀರಾ?"

"ನಿಮ್ಮ ಬೀದಿ ಮೂಲೆ ಬಂಕಲ್ಲಿ. ದೊಡ್ಡಮ್ಮನ ಮನೆಗೆ ಹೋಗೋ ಮುಂಚೆ."

"ಪೈಪು ಟಕ್ ಅಂತ ನಿಂತ ಮೇಲೂ?"

"ನಿಂತ ಮೇಲೂ. ಕುತ್ತಿಗೆವರೆಗೆ. ಒಂದ್ಸಲ ಪೆಟ್ರೋಲ್ ಮುಗಿದು ದೊಡ್ಡಮ್ಮನ್ನ ಬಿಸಿಲಲ್ಲಿ ನಡೆಸಿದ್ದೆ. ಅವತ್ತಿಂದ ಬಾಗಿಲಲ್ಲೇ ಕೇಳ್ತಾರೆ, ಟ್ಯಾಂಕ್ ತುಂಬಿಸಿದ್ಯೇನೋ ಅಂತ. ಸುಳ್ಳು ಹೇಳಕ್ಕಾಗಲ್ಲ."

ನಾನು ಸೀಟಿಗೆ ತಲೆ ಚಚ್ಚಿಕೊಂಡೆ. ಟ್ಯಾಂಕಿನ ಹತ್ತಿರ ಇದ್ದಿಲು ತುಂಬಿದ ಡಬ್ಬಿಯೊಂದಿರುತ್ತದೆ, ಪೆಟ್ರೋಲಿನ ಆವಿ ಹಿಡಿದಿಡಲು. ಕುತ್ತಿಗೆಯವರೆಗೆ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ನುಗ್ಗಿ ಇದ್ದಿಲು ನೆನೆಯುತ್ತದೆ. ಬಿಸಿ ಎಂಜಿನ್ ಸ್ಟಾರ್ಟ್ ಆದಾಗ ಅದನ್ನೂ ಹೀರಿಕೊಳ್ಳುತ್ತದೆ. ಬಂಕಿನಿಂದ ಹೊರಟಾಗ ಒಂದು ಸಲ, ದೊಡ್ಡಮ್ಮನ ಮನೆಯಿಂದ ಹೊರಟಾಗ ಎರಡನೇ ಸಲ. ಒಂದೇ ದೋಷ ಎರಡನೇ ಸಲ ಕಂಡಾಗಲೇ ಕಂಪ್ಯೂಟರ್ ಲೈಟ್ ಹಚ್ಚುವುದು. ಅದಕ್ಕೇ ನಮ್ಮ ತಿರುವಿನಲ್ಲಿ.

"ನೀವು ಮೊದಲ ದಿನಾನೇ ಹೇಳಿದ್ರಿ," ಎಂದೆ. "ಪೆಟ್ರೋಲ್ ಹಾಕಿಸಿದ ಮೇಲೆ ಕೆಮ್ಮುತ್ತೆ ಅಂತ. ನಾನು ನಕ್ಕೆ."

"ನಕ್ಕಾಗ ಚೆನ್ನಾಗಿ ಕಾಣ್ತಿದ್ರಿ. ಅದಕ್ಕೇ ಮತ್ತೆ ಹೇಳಲಿಲ್ಲ."

"ಅಯ್ಯೋ, ಹೇಳಬೇಕಿತ್ತು ಕಣ್ರೀ! ಒಂದು ತಿಂಗಳು! ಮೂರು ರಿಪೇರಿ!" ನಾನು ಕೂಗಿದೆ. ಅವನು ನನ್ನನ್ನೇ ನೋಡುತ್ತಿದ್ದ, ಈ ಸಲ ಪೂರ್ತಿ ನಗುತ್ತ. ನನಗೆ ಏನು ಮಾಡಬೇಕೋ ತಿಳಿಯದೆ ಸ್ಕ್ಯಾನರಿನ ವೈರ್ ಸುತ್ತತೊಡಗಿದೆ.

ಆಮೇಲೆ ನೆನಪಾಯಿತು. ಸುತ್ತುವ ಕೈ ನಿಂತಿತು.

"ಏನಾಯ್ತು?" ಎಂದ.

ಡಬ್ಬಿ ಬದಲಾಯಿಸಲು ಕಾರು ನಮ್ಮ ಗ್ಯಾರೇಜಿಗೇ ಹೋಗಬೇಕು. ಹೋದರೆ, ಅವನು ಪ್ಲಗ್ ಕಿತ್ತಿಲ್ಲ ಎಂದು ಹೇಳಬೇಕು. ಹೇಳಿದರೆ ಈ ನಾಲ್ಕನೇ ಸಲವೂ ಲೆಕ್ಕಕ್ಕೆ ಸೇರುತ್ತದೆ. ಷರತ್ತಿನ ಕಥೆಯನ್ನೆಲ್ಲ ಅವನಿಗೆ ಹೇಳಿದೆ.

"ಹಾಗಾದ್ರೆ ಹೇಳಬೇಡಿ," ಎಂದ. "ಇಲ್ಲಿ ಕೆಳಗೇ ಹಾಕಿಸ್ಕೊಳ್ತೀನಿ. ನಿಮ್ಮ ಕಾರ್ಡಲ್ಲಿ ನಾನು ಕಳ್ಳನಾಗೇ ಇರ್ತೀನಿ. ನನಗೇನೂ ಇಲ್ಲ."

ಅವನಿಗೇನೂ ಇಲ್ಲವಂತೆ! ಇಷ್ಟು ಹೊತ್ತಿನ ಸಿಟ್ಟೆಲ್ಲ ಒಟ್ಟಿಗೆ ಬಂತು. "ನನಗಿದೆ," ಎಂದು ಡ್ರೈವರ್ ಸೀಟಿನಿಂದ ಇಳಿದೆ. "ಗಾಡಿ ಸ್ಟಾರ್ಟ್ ಮಾಡಿ."

*

ನಾವು ಒಳಗೆ ಬಂದಾಗ ಎಲ್ಲರೂ ಅಂಗಳದಲ್ಲೇ ಇದ್ದರು. ಮೇಸ್ತ್ರಿ ಎಂದಿನಂತೆ ಪುಟ್ಟ ಯಂತ್ರ ಹಿಡಿದು ಕಾರಿನ ಹತ್ತಿರ ಬಂದರು.

"ಮುಟ್ಟಬೇಡಿ," ಎಂದೆ. "ಮಾವ, ಇಲ್ಲಿ ಬನ್ನಿ. ಎಲ್ಲರೂ ಕೇಳಿಸ್ಕೊಳ್ಳಿ. ಇವರು ಪ್ಲಗ್ ಕಿತ್ತಿಲ್ಲ. ಕಿತ್ತಿದ್ರೆ ಬೇರೆ ಕೋಡ್ ಬರ್ತಿತ್ತು, ಅದು ನನಗೆ ಶನಿವಾರಾನೇ ಗೊತ್ತಿತ್ತು. ಕುರ್ಚಿ ಹೋಗುತ್ತೆ ಅಂತ ಸುಳ್ಳು ಹೇಳಿದೆ."

ನಾನು ಪರದೆ ತಿರುಗಿಸಿ ಒಂದೊಂದೇ ಅಂಕಿ ತೋರಿಸಿ, ಇದ್ದಿಲ ಡಬ್ಬಿಯ ಕಥೆಯನ್ನು ಕೊನೆಯವರೆಗೆ ಹೇಳಿದೆ. ಮಾವ ಬಗ್ಗಿ ಕಾರಿನ ಕೆಳಗೆ ತಲೆ ಹಾಕಿ, ಡಬ್ಬಿಯ ಕೊಳವೆ ಎಳೆದರು. ಅಂಗೈ ಮೇಲೆ ಪೆಟ್ರೋಲ್ ಸುರಿಯಿತು.

ಎದ್ದು ಬಂದು ಅದನ್ನು ಮೂಸಿದರು. ಮೊದಲು ಮೇಸ್ತ್ರಿಯ ಕೈಯಿಂದ ಯಂತ್ರ ಕಿತ್ತುಕೊಂಡರು. "ಇನ್ಮೇಲೆ ಗೇಟಲ್ಲಿ ಯಾರೂ ಏನೂ ಅಳಿಸಬಾರದು. ಮೊದಲು ಓದೋದು." ಆಮೇಲೆ ಅವನ ಮುಂದೆ ಕೈ ಮುಗಿದು, "ತಪ್ಪಾಯ್ತು ಸಾರ್, ನಮ್ಮ ಅಂಗಳದಲ್ಲಿ ನಿಮಗೆ ಅವಮಾನ ಆಯ್ತು," ಎಂದರು. ಕೊನೆಗೆ ನನ್ನ ಕಡೆ ತಿರುಗಿದರು.

"ಕೋಡ್ ಹಿಡಿದಿದ್ದು ಸರಿ. ಆದ್ರೆ ಗೊತ್ತಿದ್ದೂ ಗಿರಾಕಿ ಮೇಲೆ ಹಾಕಿದ್ಯಲ್ಲ. ಕೌಂಟರಿಗೆ ಹೋಗು."

"ಎಷ್ಟು ದಿನ ಮಾವ?"

"ನನ್ನ ಸಿಟ್ಟು ಇಳಿಯೋವರೆಗೆ."

ನಮ್ಮ ಮನೆತನದಲ್ಲಿ ಯಾರ ಸಿಟ್ಟೂ ಬೇಗ ಇಳಿದದ್ದಿಲ್ಲ. ಸ್ಕ್ಯಾನರನ್ನು ಕುರ್ಚಿಯ ಮೇಲಿಟ್ಟೆ. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ಕಾರು ನಾಲ್ಕು ದಿನ ಅಲ್ಲೇ ಇರಬೇಕಿತ್ತು, ಡಬ್ಬಿ ಬರುವವರೆಗೆ. ಅವನನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬರುತ್ತೇನೆ ಎಂದು ಹೊರಟೆ. ಮಾವ ಬೇಡ ಎನ್ನಲಿಲ್ಲ.

ಸ್ಟಾಪಿನ ಕಬ್ಬಿಣದ ಬೆಂಚು ಬಿಸಿಲಿಗೆ ಕಾದಿತ್ತು. ಇಬ್ಬರೂ ನಿಂತೇ ಇದ್ದೆವು.

"ನನ್ನಿಂದ ನಿಮ್ಮ ಕುರ್ಚಿ ಹೋಯ್ತು," ಎಂದ.

"ನಿಮ್ಮಿಂದ ಅಲ್ಲ. ನನ್ನ ಸುಳ್ಳಿಂದ." "ಎರಡು ವರ್ಷ ಕಾದಿದ್ದೆ ಕಣ್ರೀ ಆ ಕುರ್ಚಿಗೆ. ಒಳ್ಳೇದು ಮಾಡಿದ್ರೆ ಮನಸ್ಸು ಹಗುರ ಆಗುತ್ತೆ ಅಂತಾರೆ, ಏನೂ ಆಗಿಲ್ಲ. ಹೊಟ್ಟೆ ಉರೀತಿದೆ ನನಗೆ."

"ಉರಿಯೋ ವಿಷಯಾನೇ."

"ಸಮಾಧಾನ ಮಾಡಲ್ವಾ?"

"ಮಾಡಿದ್ರೆ ಬೈತೀರಾ."

ಬೈಯುತ್ತಿದ್ದೆ, ನಿಜ. ಬಸ್ಸೊಂದು ಬಂತು. ಅವನ ನಂಬರಿನದೇ. ಬಾಗಿಲು ತೆರೆಯಿತು, ಅವನು ಹತ್ತಲಿಲ್ಲ, ಡ್ರೈವರ್ ಗೊಣಗಿಕೊಂಡು ಹೋದ.

"ಮೇಸ್ತ್ರಿ ಹೇಳಿದಾಗ," ಎಂದೆ ರಸ್ತೆ ನೋಡುತ್ತ, "ನೀವು ನಿಜವಾಗ್ಲೂ ಕಿತ್ತಿದ್ರೆ ಎಷ್ಟು ಚೆನ್ನಾಗಿತ್ತು ಅಂತ ಅನ್ನಿಸ್ತು. ಕಿತ್ತಿಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ನನಗೆ ಆ ಕುರ್ಚೀನೂ ಬೇಕು, ನೀವೂ ಬೇಕು. ಎರಡೂ ಬೇಕು. ಒಂದು ಸಿಕ್ಕಿದ್ರೆ ಇನ್ನೊಂದು ಬಿಡಬೇಕು ಅಂದ್ರೆ ನಾನು ಒಪ್ಪಲ್ಲ. ಅಷ್ಟೇ."

ಹೇಳಿ ಮುಗಿಸಿದ ಮೇಲೆ ಮುಖ ಕಾಯ್ದು ಕೆಂಡವಾಯಿತು. ಎರಡನೇ ಬಸ್ಸು ಬಂದು ನಿಂತು ಹೋಯಿತು.

"ಕುರ್ಚಿ ನಿಮ್ಮ ಮಾವನ ಕೈಲಿದೆ," ಎಂದ ಆಮೇಲೆ. ದನಿ ಆ ಗಾಜಿನ ಕೋಣೆಯಲ್ಲಿ ಕೇಳಿದಷ್ಟೇ ಹತ್ತಿರವಿತ್ತು. "ಅದನ್ನ ನೀವೇ ಜಗಳ ಮಾಡಿ ತಗೊಳ್ತೀರಾ, ನನಗೆ ಅನುಮಾನ ಇಲ್ಲ. ನನ್ನನ್ನ ಬೇಕಾದ್ರೆ ಜಗಳ ಇಲ್ದೇನೇ ತಗೊಳ್ಳಿ."

ನನ್ನ ಅಂಗೈ ತುಂಬ ಕರಿ ಇತ್ತು. ಇವತ್ತು ಮಂಗಳವಾರ, ತೊಳೆದಿರಲಿಲ್ಲ. ಬಚ್ಚಿಟ್ಟುಕೊಳ್ಳಲು ಹೋದೆ, ಅವನು ಬಿಡಲಿಲ್ಲ. ಹಿಡಿದ ಕೈಯನ್ನು ಹಾಗೇ ತನ್ನ ಬಿಳೀ ಶರ್ಟಿನ ತೋಳಿಗೆ ಒತ್ತಿಕೊಂಡ.

"ಹೋಗಿ, ಕೌಂಟರಲ್ಲಿ ಫೋನ್ ಹೊಡ್ಕೊಳ್ತಿರುತ್ತೆ," ಎಂದ, ಕೈ ಬಿಡದೆ.

"ಹೊಡ್ಕೊಳ್ಳಲಿ," ಎಂದೆ. ಕುರ್ಚಿಯ ಸಂಕಟಕ್ಕೆ ಇನ್ನೂ ಅಳು ಬರುತ್ತಲೇ ಇತ್ತು, ಅವನ ಭುಜಕ್ಕೆ ಹಣೆ ಇಟ್ಟು ಅತ್ತೆ. ಮೂರನೇ ಬಸ್ಸೂ ಹೋಯಿತು.